ಬರೆಯುವ ಮೊದಲೇ ಕೆಂಪಾಗುವ ಕಾಲಂ: ಸರಿಪಡಿಸುವುದು ಹೇಗೆ?

ಹಂಪಿಯ ಹೋಂಸ್ಟೇಯಲ್ಲಿ ರೂಮು ಬುಕ್ ಮಾಡಲೋ, ಸಂಡೂರಿನ ಲಂಬಾಣಿ ಕಸೂತಿ ತರಿಸಿಕೊಳ್ಳಲೋ ವೆಬ್‌ಸೈಟ್ ತೆರೆದವರಿಗೆ ಫಾರ್ಮಿನ ಕಾಲಂಗಳೆಲ್ಲ ಕೆಂಪಗೆ ಕಂಡರೆ ಹೇಗಾಗಬೇಡ? ಅವರಿನ್ನೂ ಒಂದಕ್ಷರವನ್ನೂ ಬರೆದಿಲ್ಲ. ನಮ್ಮ ಭಾಗದ ಸಣ್ಣ ವ್ಯಾಪಾರಗಳಿಗೆ ವೆಬ್‌ಸೈಟ್ ಮಾಡಿಕೊಡುವವರು ಇದನ್ನು ಮೊದಲು ಸರಿಪಡಿಸಬೇಕು.

ಸಿಎಸ್‌ಎಸ್‌ನಲ್ಲಿ ‘ಇನ್‌ವ್ಯಾಲಿಡ್’ ಎಂದು ಬರೆದಿರುವುದೇ ಇದಕ್ಕೆ ಕಾರಣ. ‘ರಿಕ್ವೈರ್ಡ್’ ಎಂದು ಗುರುತಿಸಿದ ಕಾಲಂ ಖಾಲಿಯಿದ್ದರೆ, ಪುಟ ತೆರೆದ ಕ್ಷಣದಿಂದಲೇ ಅದು ತಪ್ಪೆಂದು ಬ್ರೌಸರ್ ಎಣಿಸುತ್ತದೆ. ಬದಲಿಗೆ ‘ಯೂಸರ್-ಇನ್‌ವ್ಯಾಲಿಡ್’ ಬಳಸಿ. ಆಗ ಗ್ರಾಹಕರು ತಪ್ಪು ಬರೆದು ಮುಂದಿನ ಕಾಲಂಗೆ ಹೋದಾಗ ಅಥವಾ ಸಬ್‌ಮಿಟ್ ಒತ್ತಿದಾಗ ಮಾತ್ರ ಬಣ್ಣ ಬರುತ್ತದೆ. 2023ರ ಕೊನೆಯಿಂದ ಕ್ರೋಮ್, ಸಫಾರಿ, ಫೈರ್‌ಫಾಕ್ಸ್ ಮೂರರಲ್ಲೂ ಇದು ಲಭ್ಯ. ಕೆಂಪು ಬಾರ್ಡರಿನ ನಿಯಮವನ್ನು ಇದರೊಳಗೇ ಇಟ್ಟರೆ, ತಪ್ಪು ತಿದ್ದಿದೊಡನೆ ಕಾಲಂ ತಾನಾಗಿ ಮೊದಲಿನಂತಾಗುತ್ತದೆ. ಬಣ್ಣವೊಂದನ್ನೇ ನಂಬಬೇಡಿ, ಕೆಂಪು–ಹಸಿರು ಗುರುತಿಸಲಾಗದವರೂ ಇದ್ದಾರೆ. ‘ಪಿನ್‌ಕೋಡ್‌ನಲ್ಲಿ ಆರು ಅಂಕಿ ಇರಬೇಕು’ ಎಂದು ಕೆಳಗೆ ಕನ್ನಡದಲ್ಲೇ ಬರೆಯಿರಿ.

ಹಳೆಯ ಟೆಂಪ್ಲೇಟ್ ಹಾಕಿದ ಬಾರ್ಡರ್ ತೆಗೆದು ಬ್ರೌಸರಿನ ಮೂಲ ರೂಪಕ್ಕೆ ಮರಳಬೇಕಿದ್ದರೆ ಬಾರ್ಡರಿಗೂ ಹಿನ್ನೆಲೆಗೂ ‘ರಿವರ್ಟ್’ ಬೆಲೆ ಕೊಡಿ. ‘ಇನಿಶಿಯಲ್’ ಕೊಟ್ಟರೆ ಬಾರ್ಡರೇ ಮಾಯವಾಗುತ್ತದೆ. ಫೈರ್‌ಫಾಕ್ಸ್ ತಾನೇ ಹಾಕುವ ಕೆಂಪು ಹೊಳಪು ಬಾಕ್ಸ್-ಶ್ಯಾಡೋ. ಅದನ್ನು ‘ನನ್’ ಮಾಡಿದರೆ ಮಾತ್ರ ಹೋಗುತ್ತದೆ.

ತಿದ್ದಿದರೂ ಕೆಂಪು ಹೋಗದಿದ್ದರೆ ಜಾವಾಸ್ಕ್ರಿಪ್ಟ್ ನೋಡಿ. ‘ಸೆಟ್‌ಕಸ್ಟಮ್‌ವ್ಯಾಲಿಡಿಟಿ’ಯಲ್ಲಿ ಸಂದೇಶ ಕೊಟ್ಟು, ಸರಿಯಾದ ಮೇಲೆ ಅದಕ್ಕೆ ಖಾಲಿ ಪಠ್ಯ ಕೊಡದಿದ್ದರೆ ಆ ಕಾಲಂ ತಪ್ಪಾಗಿಯೇ ಉಳಿಯುತ್ತದೆ, ಫಾರ್ಮೂ ಹೋಗುವುದಿಲ್ಲ.

ಇಷ್ಟಾದರೂ ತಪಾಸಣೆಯ ನಿಯಮವೇ ತಪ್ಪಾಗಿದ್ದರೆ ಸರಿಯಾಗಿ ಬರೆದವರಿಗೂ ಕೆಂಪು ಬೀಳುತ್ತದೆ. ನಮ್ಮಲ್ಲಿ ಇದು ದೊಡ್ಡ ತೊಡಕು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿ ಆ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. 583ರಿಂದ ಶುರುವಾಗುವ ಪಿನ್‌ಕೋಡ್ ಈ ಎರಡೂ ಜಿಲ್ಲೆಗಳಲ್ಲಿ ಇದೆ, ಕೊಪ್ಪಳದಲ್ಲೂ ಇದೆ. ಹಾಗಾಗಿ ಪಿನ್ ನೋಡಿ ಜಿಲ್ಲೆ ಇದೇ ಎಂದು ತೀರ್ಮಾನಿಸುವ ಕೋಡ್ ಬೇಡ. ಹೆಸರಿನ ಕಾಲಂನಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ ಎಂಬ ನಿಯಮವನ್ನೂ ಕಿತ್ತುಹಾಕಿ. ಕನ್ನಡದಲ್ಲಿ ಸ್ವಂತ ಹೆಸರು ಬರೆದವರಿಗೆ ತಪ್ಪು ಎನ್ನುವುದು ಯಾವ ನ್ಯಾಯ? ಪಿನ್‌ಕೋಡಿನ ‘ಪ್ಯಾಟರ್ನ್’ನಲ್ಲಿ 0–9ರ ಜೊತೆ ೦–೯ ಕೂಡ ಸೇರಿಸಿ, ಸರ್ವರಿನಲ್ಲಿ ಒಂದೇ ಬಗೆಯ ಅಂಕಿಗೆ ಬದಲಿಸಿಕೊಳ್ಳಿ.

ಕೊನೆಗೆ ಫೋನಿನಲ್ಲೇ ಪರೀಕ್ಷಿಸಿ: ಹೊಸಪೇಟೆ 583201, ಹಂಪಿ 583239, ಸಂಡೂರು 583119, ಕಂಪ್ಲಿ 583132. ಕನ್ನಡ ಅಂಕಿಯಲ್ಲೂ ಬರೆದು ನೋಡಿ. ಬೇಕೆಂದೇ ಐದಂಕಿ ಬರೆದು, ಕೆಂಪಾದ ಮೇಲೆ ಆರನೆಯದನ್ನು ಸೇರಿಸಿ. ಬಣ್ಣವೂ ಕೆಳಗಿನ ಸಂದೇಶವೂ ಒಟ್ಟಿಗೇ ಹೋಗಬೇಕು.