ಓದಲು ಹೋದ ಮಕ್ಕಳ ಊಟ

ನಮ್ಮ ಹಳ್ಳಿಗಳ ಮಕ್ಕಳು ಓದಲು ಧಾರವಾಡಕ್ಕೆ ಹೋಗುತ್ತಾರೆ. ಅಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇದೆ. ಕೆಲವರು ಹಾಸ್ಟೆಲಿನಲ್ಲಿ ಇರುತ್ತಾರೆ. ಕೆಲವರು ಖೋಲಿ ಹಿಡಿದು ಖಾನಾವಳಿಯಲ್ಲಿ ಉಣ್ಣುತ್ತಾರೆ.

ಅವರು ಹಬ್ಬಕ್ಕೆ ಊರಿಗೆ ಬರುತ್ತಾರೆ. ಮಗಳು ಸೊರಗಿರುತ್ತಾಳೆ. ಮಗನಿಗೆ ಹೊಟ್ಟೆ ಬಂದಿರುತ್ತದೆ. ಮಗಳನ್ನು ಕಂಡು ನಾವು ಮರುಗುತ್ತೇವೆ. ಮಗನನ್ನು ಕಂಡು "ಮೈ ಕೈ ತುಂಬ್ಯಾನ" ಎಂದು ಹಿಗ್ಗುತ್ತೇವೆ. ಆದರೆ ಇಬ್ಬರ ಊಟವೂ ಹದ ತಪ್ಪಿದೆ!

ಹೇಗೆ ಅಂತೀರಾ? ರಾತ್ರಿ ತಡವಾಗಿ ಮಲಗುತ್ತಾರೆ. ಮುಂಜಾನೆ ತಡವಾಗಿ ಏಳುತ್ತಾರೆ. ನಾಷ್ಟಾ ಬಿಟ್ಟು ಬರೀ ಚಹಾ ಕುಡಿದು ಓಡುತ್ತಾರೆ. ಹಸಿವು ತಡೆಯದೆ ಮಿರ್ಚಿ ಭಜಿ ತಿನ್ನುತ್ತಾರೆ. ಬಾಟಲಿಯ ತಂಪು ಪಾನೀಯ ಕುಡಿಯುತ್ತಾರೆ. ಅಂಥ 300 ಮಿಲಿ ಲೀಟರ್ ಪಾನೀಯದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರಬಹುದು. ಅಂದರೆ ಆರು ಚಮಚ! ಊರಲ್ಲಿ ಇದ್ದಾಗ ಹೊಲಕ್ಕೆ ನಡೆಯುತ್ತಿದ್ದರು. ಅಲ್ಲಿ ಮೈಗೆ ಕೆಲಸ ಇಲ್ಲ.

ಹೆಣ್ಣುಮಕ್ಕಳ ಸಂಗತಿ ಬೇರೆ. ಕೆಲವರು ತೆಳ್ಳಗಿರಬೇಕು ಅಂತ ಊಟ ಬಿಡುತ್ತಾರೆ. ಕೆಲವರು ದುಡ್ಡು ಉಳಿಸಲು ಬಿಡುತ್ತಾರೆ. ನಮ್ಮ ಕಲಿಕಾ ಕೇಂದ್ರದ ಒಬ್ಬ ತಾಯಿ ದಿನಾ ಫೋನಿನಲ್ಲಿ "ಊಟ ಆತೇನವಾ?" ಎಂದು ಕೇಳುತ್ತಿದ್ದರು. "ಆತು" ಎಂದು ಮಗಳು ಹೇಳುತ್ತಿದ್ದಳು. ಒಂದು ದಿನ "ಮುಂಜಾನೆ ಏನು ತಿಂದಿ?" ಎಂದು ಕೇಳಿದರು. ಮಗಳು ಸುಮ್ಮನಾದಳು. ಪರೀಕ್ಷೆಯ ಫೀ ಕಟ್ಟಲು ಎರಡು ತಿಂಗಳಿಂದ ನಾಷ್ಟಾ ಬಿಟ್ಟಿದ್ದಳು. ಈಗ ತಾಯಿ ಫೀ ಬೇರೆ ಕಳಿಸುತ್ತಾರೆ. ಊರಿನವರ ಕೈಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಳಿಸುತ್ತಾರೆ. ಇವು ಬಹಳ ದಿನ ಕೆಡುವುದಿಲ್ಲ.

ಊಟ ಬಿಟ್ಟರೆ ತೂಕ ಮಾತ್ರ ಇಳಿಯುವುದಿಲ್ಲ. ರಕ್ತವೂ ಕಡಿಮೆ ಆಗಬಹುದು. ಆಗ ತಲೆ ಸುತ್ತುತ್ತದೆ. ಬೇಗ ದಣಿವಾಗುತ್ತದೆ. ಓದಿದ್ದು ತಲೆಗೆ ಹತ್ತುವುದಿಲ್ಲ. 2019-21ರಲ್ಲಿ ಸರ್ಕಾರ ದೇಶದಲ್ಲಿ ಸಮೀಕ್ಷೆ ಮಾಡಿಸಿತು. 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಸೊಪ್ಪು, ಕಾಳು ತಿನ್ನಬೇಕು. ಅದರ ಮೇಲೆ ನಿಂಬೆಹಣ್ಣು ಹಿಂಡಿದರೆ ಅದರಲ್ಲಿರುವ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಹತ್ತುವುದು ಕಡಿಮೆ. ರಕ್ತ ಪರೀಕ್ಷೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡುತ್ತಾರೆ.

ತೂಕ ಎಷ್ಟಿರಬೇಕು? 18 ವರ್ಷ ದಾಟಿದ ಗಂಡು, ಹೆಣ್ಣು ಇಬ್ಬರಿಗೂ ಲೆಕ್ಕ ಒಂದೇ. ಓದಿ ನೋಡಿ:

5 ಅಡಿ ಎತ್ತರ: 43ರಿಂದ 53 ಕಿಲೋ
5 ಅಡಿ 3 ಅಂಗುಲ: 48ರಿಂದ 58 ಕಿಲೋ
5 ಅಡಿ 6 ಅಂಗುಲ: 52ರಿಂದ 64 ಕಿಲೋ

ಇದಕ್ಕಿಂತ ತೀರಾ ಕಡಿಮೆ ಇದ್ದರೆ, ತೀರಾ ಹೆಚ್ಚಿದ್ದರೆ ಡಾಕ್ಟರಿಗೆ ತೋರಿಸೋಣ. "ಕಡ್ಡಿ", "ಡುಮ್ಮ" ಎಂದು ನಾಲ್ಕು ಜನರ ಮುಂದೆ ಆಡಿಕೊಳ್ಳುವುದು ಬೇಡ. ಬೈಸಿಕೊಂಡ ಮಗು ಮುಂದಿನ ಸಲ ನಿಜ ಹೇಳುವುದಿಲ್ಲ.

ಮಕ್ಕಳನ್ನು ಕೇಳಿ, ನೀವೇ ಬರೆಯಿರಿ:

ಇಂದು ಮುಂಜಾನೆ ತಿಂದದ್ದು: ..........
ಮಧ್ಯಾಹ್ನ ಉಂಡದ್ದು: ..........
ರಾತ್ರಿ ಉಂಡದ್ದು: ..........
ಎತ್ತರ: .......... ತೂಕ: ..........