ಮನೆಯಂಗಳದ ಬೇಟೆಹಕ್ಕಿಗಳು

ಬೆಳಗಿನ ಹೊತ್ತಿನಲ್ಲಿ ಹಿತ್ತಲಿನ ಗುಬ್ಬಿಗಳ ಗದ್ದಲ ಒಮ್ಮೆಲೇ ನಿಂತುಬಿಡುತ್ತದೆ. ಅಳಿಲು ಬಾಲವನ್ನು ಕುಣಿಸುತ್ತ ಬಿಡದೆ ಕೂಗತೊಡಗುತ್ತದೆ. ಹೇಂಟೆ ತನ್ನ ಮರಿಗಳನ್ನು ರೆಕ್ಕೆಯ ಕೆಳಗೆ ಸೇರಿಸಿಕೊಳ್ಳುತ್ತದೆ. ತಲೆಯೆತ್ತಿ ನೋಡಿದರೆ ಬೇವಿನ ಮರದಲ್ಲಿ ಪಾರಿವಾಳದಷ್ಟು ದೊಡ್ಡ ಹಕ್ಕಿಯೊಂದು ಅಲುಗದೆ ಕುಳಿತಿರುತ್ತದೆ. ರೋಣ, ನರಗುಂದ, ಗಜೇಂದ್ರಗಡಗಳ ಸುತ್ತಮುತ್ತ ಇಂಥ ನೋಟ ಅಪರೂಪವೇನೂ ಅಲ್ಲ. ಆಗ ನಮ್ಮ ಕೈ ತಾನಾಗಿಯೇ ಕಲ್ಲಿನ ಕಡೆಗೆ ಹೋಗುತ್ತದೆ. ಕಲ್ಲನ್ನು ಎಸೆಯುವ ಮೊದಲು ಈ ಹಕ್ಕಿಯ ಪರಿಚಯವನ್ನು ಮಾಡಿಕೊಳ್ಳುವುದು ಒಳ್ಳೆಯದು.

ಇದರ ಹೆಸರು ಬಿಜ್ಜು. ಶಿಕ್ರಾ ಎಂದೂ ಕರೆಯುವುದುಂಟು. ಬೂದುಬಣ್ಣದ ಬೆನ್ನು, ಎದೆಯ ಮೇಲೆ ಕಂದುಗೆಂಪಿನ ಅಡ್ಡಗೆರೆಗಳು ಇದರ ಗುರುತು. ಬೆಳೆದ ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಹಳದಿ. ಹೆಣ್ಣು ಗಂಡಿಗಿಂತ ದೊಡ್ಡದು. ಬೇಟೆಹಕ್ಕಿಗಳಲ್ಲಿ ಬಹುಮಟ್ಟಿಗೆ ಇದೇ ನಿಯಮ. ಬಾಗಿದ ಕೊಕ್ಕು ಮಾಂಸವನ್ನು ಹರಿಯುವುದಕ್ಕಾಗಿ. ಹಿಡಿದು ಕೊಲ್ಲುವ ಆಯುಧ ಕಾಲಿನ ಉಗುರು. ಗಿಡ್ಡ ರೆಕ್ಕೆ ಮತ್ತು ಉದ್ದ ಬಾಲಗಳಿಂದಾಗಿ ಅದು ಟೊಂಗೆಗಳ ನಡುವೆ ಸರಕ್ಕನೆ ತಿರುಗಬಲ್ಲುದು. ಕೋಳಿಮರಿಯನ್ನು ಒಯ್ಯುವುದು ನಿಜ. ಆದರೆ ಅದರ ಮುಖ್ಯ ಆಹಾರ ಓತಿಕೇತ, ಹಲ್ಲಿ, ಮಿಡತೆ, ಇಲಿ ಮತ್ತು ಸಣ್ಣ ಹಕ್ಕಿಗಳು.

ಊರನ್ನು ಬಿಟ್ಟು ಹೊಲಕ್ಕೆ ಬಂದರೆ ಬೇಟೆಯ ರೀತಿಯೇ ಬೇರೆ. ಬಿಳಿಜೋಳ, ಕಡಲೆ ಬೆಳೆಯುವ ಬಯಲಾದ ಎರೆನೆಲದಲ್ಲಿ ಮರೆಯಲ್ಲಿ ಕುಳಿತು ಹೊಂಚುಹಾಕುವಷ್ಟು ಮರಗಳಿಲ್ಲ. ಇಲ್ಲಿ ರಾಮದಾಸ ಹದ್ದು ಗಾಳಿಗೆ ಮುಖಮಾಡಿ, ರೆಕ್ಕೆ ಬಡಿಯುತ್ತ, ಆಕಾಶದ ಒಂದೇ ಎಡೆಯಲ್ಲಿ ನಿಂತು ನೆಲವನ್ನು ಶೋಧಿಸುತ್ತದೆ. ಬಿಳಿಯ ಮೈ, ಕಪ್ಪು ಹೆಗಲು, ಕೆಂಪು ಕಣ್ಣುಗಳ ಈ ಹಕ್ಕಿಗೆ ಇಲಿಯೇ ಮುಖ್ಯ ಆಹಾರ. ಚಳಿಗಾಲದಲ್ಲಿ ಹ್ಯಾರಿಯರ್ ಎಂಬ ಗಿಡುಗಗಳೂ ಕಜಾಕಸ್ತಾನದಂಥ ದೂರದ ಹುಲ್ಲುಗಾವಲುಗಳಿಂದ ನಮ್ಮ ನಾಡಿಗೆ ವಲಸೆ ಬರುತ್ತವೆ. ಅವು ಪೈರಿನ ಮೇಲೆ ತೀರ ಕೆಳಗೆ ತೇಲುತ್ತ ಮಿಡತೆ, ಇಲಿಗಳನ್ನು ಹಿಡಿಯುತ್ತವೆ. ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೆಯೇ ತಂಗುತ್ತವೆ.

ಹೊಲದಿಂದ ಗಜೇಂದ್ರಗಡದ ಗುಡ್ಡದತ್ತ ನೋಡೋಣ. ಬೀಸುವ ಗಾಳಿ ಗುಡ್ಡದ ಇಳಿಜಾರಿಗೆ ಬಡಿದು ಮೇಲಕ್ಕೇರುತ್ತದೆ. ಹದ್ದುಗಳು ರೆಕ್ಕೆಯನ್ನು ಬಡಿಯದೆ ಈ ಪ್ರವಾಹವನ್ನೇರಿ ತೇಲುತ್ತವೆ. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವುದೂ ಇದೇ ಗಾಳಿ.

ಕತ್ತಲಾದ ಮೇಲೆ ಕಾವಲು ಬದಲಾಗುತ್ತದೆ. ಸಂಜೆಯಾಗುತ್ತಲೇ ಹಾಲಕ್ಕಿ ಪೊಟರೆಯಿಂದ ಹೊರಬೀಳುತ್ತದೆ. ಹಾಳು ಗೋಡೆಗಳಿಂದ ಕಣಜಗೂಬೆ ಹಾರುತ್ತದೆ. ಕಣಜಗೂಬೆಯ ಎರಡು ಕಿವಿಗಳು ಒಂದೇ ಎತ್ತರದಲ್ಲಿಲ್ಲ. ಆದುದರಿಂದ ಸದ್ದು ಎರಡು ಕಿವಿಗಳಿಗೂ ಒಂದೇ ಬಗೆಯಲ್ಲಿ ಕೇಳಿಸುವುದಿಲ್ಲ. ಆ ವ್ಯತ್ಯಾಸದಿಂದ ಗೂಬೆ ಗಾಢಾಂಧಕಾರದಲ್ಲಿಯೂ ಇಲಿಯ ನೆಲೆಯನ್ನು ಅರಿಯುತ್ತದೆ. ನಾವು ಅಪಶಕುನವೆಂದು ಓಡಿಸುವ ಹಕ್ಕಿ ನಮ್ಮ ಕಾಳನ್ನು ಕಾಯುತ್ತಿರುತ್ತದೆ.

ಇಷ್ಟು ಬಗೆಯ ಬೇಟೆಹಕ್ಕಿಗಳಿದ್ದರೂ ಅವುಗಳ ಸಂಖ್ಯೆ ಏಕೆ ಕಡಿಮೆ? ಅಮೆರಿಕದ ರೇಮಂಡ್ ಲಿಂಡ್‌ಮನ್ 1942ರಲ್ಲಿ ಪ್ರಕಟಿಸಿದ ವಿಚಾರ ಇದಕ್ಕೆ ಉತ್ತರ ನೀಡುತ್ತದೆ. ಗಿಡ ಗಳಿಸಿದ ಶಕ್ತಿಯ ಅಲ್ಪಭಾಗ ಮಾತ್ರ ಅದನ್ನು ತಿಂದ ಇಲಿಯ ಮೈಯಾಗುತ್ತದೆ. ಇಲಿಯ ಶಕ್ತಿಯ ಅಲ್ಪಭಾಗ ಮಾತ್ರ ಗೂಬೆಯ ಮೈಯಾಗುತ್ತದೆ. ಸ್ಥೂಲವಾಗಿ ಒಂದೊಂದು ಮೆಟ್ಟಿಲಿನಲ್ಲಿಯೂ ಉಳಿಯುವುದು ಹತ್ತರಲ್ಲೊಂದು ಪಾಲು, ಅನೇಕ ವೇಳೆ ಇನ್ನೂ ಕಡಿಮೆ. ಆದುದರಿಂದ ಒಂದು ಗೂಬೆ ಬದುಕಲು ನೂರಾರು ಇಲಿಗಳು ಬೇಕು. ನೂರು ಇಲಿಗಳು ಸತ್ತರೆ ಆ ನಷ್ಟ ಬೇಗ ತುಂಬಿಬರುತ್ತದೆ. ಒಂದು ಜೋಡಿ ಗೂಬೆ ಸತ್ತರೆ ಆ ಎಡೆ ಬಹುಕಾಲ ಬರಿದಾಗಿ ಉಳಿಯಬಹುದು.

ಅಪಾಯ ಕಲ್ಲಿನಿಂದ ಮಾತ್ರವಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿಪಾಷಾಣಗಳು ಇಲಿಯನ್ನು ಕೂಡಲೇ ಕೊಲ್ಲುವುದಿಲ್ಲ. ವಿಷ ತಿಂದ ಇಲಿ ಕೆಲವು ದಿನ ನಿಧಾನವಾಗಿ ಓಡಾಡುತ್ತ ಗೂಬೆಗೆ ಸುಲಭದ ತುತ್ತಾಗುತ್ತದೆ. ವಿಷವೂ ಗೂಬೆಯ ಮೈಸೇರುತ್ತದೆ. ರಣಹದ್ದುಗಳ ಕಥೆ ಇಂಥದೇ ಎಚ್ಚರಿಕೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನದ ಮಾಂಸದೊಡನೆ ಅವುಗಳ ಹೊಟ್ಟೆ ಸೇರಿ ಮೂತ್ರಪಿಂಡಗಳನ್ನು ಕೆಡಿಸಿತು. 1992ರಲ್ಲಿ ಭಾರತದಲ್ಲಿ ಸಾವಿರವಿದ್ದ ಕಡೆ 2007ರ ವೇಳೆಗೆ ಬಿಳಿಬೆನ್ನಿನ ರಣಹದ್ದು ಒಂದರಷ್ಟೇ ಉಳಿಯಿತು. ಕಾರಣ 2004ರಲ್ಲಿ ಬೆಳಕಿಗೆ ಬಂತು. 2006ರಲ್ಲಿ ದನಗಳಿಗೆ ಆ ಔಷಧಿಯನ್ನು ನಿಷೇಧಿಸಲಾಯಿತು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಆ ಹಕ್ಕಿ ಇಂದಿಗೂ ಚೇತರಿಸಿಕೊಂಡಿಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಕೋಳಿಮರಿಗಳನ್ನು ಬುಟ್ಟಿ ಕವುಚಿ ಕಾಯಬಹುದು. ಹೊಲದಲ್ಲಿ ಅಡ್ಡಕೋಲು ಕಟ್ಟಿದ ಗೂಟಗಳನ್ನು ನೆಟ್ಟರೆ ಹಕ್ಕಿಗಳು ಅದರ ಮೇಲೆ ಕುಳಿತು ಇಲಿಗಳನ್ನು ಹಿಡಿಯುತ್ತವೆ. ಪೊಟರೆಯುಳ್ಳ ಹಳೆಯ ಮರಗಳನ್ನು ಕಡಿಯದೆ ಉಳಿಸಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಈ ಹಕ್ಕಿಗಳಿಗೆ ರಕ್ಷಣೆ ನೀಡಿದೆ.

ವಿದ್ಯಾರ್ಥಿಗಳು ಮಾಡಬಹುದಾದ ಪ್ರಯೋಗವೊಂದಿದೆ. ಗೂಬೆ ಕೂರುವ ಮರ ಅಥವಾ ಗೋಡೆಯ ಕೆಳಗೆ, ಅದು ಜೀರ್ಣಿಸಲಾರದೆ ಕಾರಿದ ಕೂದಲು ಮತ್ತು ಎಲುಬುಗಳ ಉಂಡೆಗಳು ಬಿದ್ದಿರುತ್ತವೆ. ಕೈಚೀಲ ತೊಟ್ಟು ಅಂಥ ಉಂಡೆಯನ್ನು ನೀರಿನಲ್ಲಿ ನೆನೆಸಿ, ಬಿಡಿಸಿ, ಒಳಗಿರುವ ಇಲಿಯ ತಲೆಬುರುಡೆಗಳನ್ನು ಎಣಿಸಿರಿ. ಬಳಿಕ ಸೋಪಿನಿಂದ ಕೈತೊಳೆಯಿರಿ. ಬೇವಿನ ಮರದ ಹಕ್ಕಿಗೆ ಕಲ್ಲೆಸೆಯಬೇಕೇ ಎಂಬ ಪ್ರಶ್ನೆಗೆ ಆ ಲೆಕ್ಕವೇ ಉತ್ತರ ಹೇಳುತ್ತದೆ.