ಒಸಡಿನ ರಕ್ತ ಏನು ಹೇಳುತ್ತದೆ?



ಫೆಬ್ರವರಿ 9 ಸಂತ ಅಪೊಲೊನಿಯಾ ಅವರ ಸ್ಮರಣೆಯ ದಿನ. 249ರ ಸುಮಾರಿಗೆ ಅಲೆಕ್ಸಾಂಡ್ರಿಯದಲ್ಲಿ ಹಿಂಸಕರು ಅವರ ಹಲ್ಲುಗಳನ್ನು ಮುರಿದರು. ವಿಶ್ವಾಸಕ್ಕಾಗಿ ಅವರು ಪ್ರಾಣವನ್ನೇ ಕೊಟ್ಟರು. ಹಲ್ಲುನೋವಿನವರು ಇಂದಿಗೂ ಅವರ ಪ್ರಾರ್ಥನೆ ಬೇಡುತ್ತಾರೆ. ಇದೇ ನೆಪದಲ್ಲಿ ನಾವು ನಾಂದಣಿಯ ಯುವಜನರು ಭಾನುವಾರದ ಪೂಜೆಯ ನಂತರ ಬಾಯಿಯ ಆರೋಗ್ಯದ ಪಾಠಕ್ಕೆ ಕುಳಿತೆವು. "ಹಲ್ಲು ಉಜ್ಜುವಾಗ ರಕ್ತ ಬರುತ್ತದೆಯೇ?" ಎಂದು ಕೇಳಿದಾಗ ಬಹಳ ಕೈಗಳು ಎದ್ದವು. ಅದನ್ನು ರೋಗವೆಂದು ಯಾರೂ ಎಣಿಸಿರಲಿಲ್ಲ.

ಹಲ್ಲಿನ ಬುಡದಲ್ಲಿ ರೋಗಾಣುಗಳ ಅಂಟು ಪದರ ಕೂಡುತ್ತದೆ. ದಿನವೂ ತೆಗೆಯದಿದ್ದರೆ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಒಸಡು ಊದಿ ರಕ್ತ ಬರುತ್ತದೆ. ಆಗಲೇ ಶುಚಿ ಮಾಡಿಸಿದರೆ ವಾಸಿಯಾಗುತ್ತದೆ. ಬಿಟ್ಟರೆ ಹಲ್ಲು ಹಿಡಿದಿರುವ ಎಲುಬು ಕರಗುತ್ತದೆ.

ರೋಗ ಬಾಯಿಯಲ್ಲೇ ನಿಲ್ಲುವುದಿಲ್ಲ. ಒಸಡಿನ ಉರಿಯೂತದ ಪರಿಣಾಮ ರಕ್ತದ ಮೂಲಕ ಹರಡಿ ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗುತ್ತದೆ, ಸಕ್ಕರೆ ಏರುತ್ತದೆ. ಸಕ್ಕರೆ ಏರಿದರೆ ಒಸಡು ಇನ್ನಷ್ಟು ಕೆಡುತ್ತದೆ. ಸಕ್ಕರೆ ಕಾಯಿಲೆಯವರಿಗೆ ಒಸಡಿನ ಚಿಕಿತ್ಸೆ ಮಾಡಿದಾಗ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿದದ್ದು ಅಧ್ಯಯನಗಳಲ್ಲಿ ಕಂಡಿದೆ. ಒಸಡಿನ ರೋಗವಿದ್ದವರಲ್ಲಿ ಹೃದಯದ ಕಾಯಿಲೆಯೂ ಹೆಚ್ಚು. ಆದರೆ ಒಂದರಿಂದಲೇ ಇನ್ನೊಂದು ಬರುತ್ತದೆ ಎಂದು ಸಾಬೀತಾಗಿಲ್ಲ.

ನಮ್ಮ ಕಡೆ ಇನ್ನೊಂದು ಮಾತಿದೆ. ತಂಬಾಕು ಸುಟ್ಟು ಪುಡಿ ಮಾಡಿದ ಮಿಶ್ರಿಯಿಂದ ಒಸಡು ಗಟ್ಟಿಯಾಗುತ್ತದೆ ಎಂದು ಹಿರಿಯರು ನಂಬುತ್ತಾರೆ. ನಿಜವಾಗಿ ತಂಬಾಕು ತಾಗಿದಲ್ಲಿ ಒಸಡು ಕೆಳಗೆ ಸರಿಯುತ್ತದೆ, ಬಾಯಿಯ ಕ್ಯಾನ್ಸರಿನ ಭಯವೂ ಇದೆ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ರೋಗವಿದ್ದರೂ ರಕ್ತ ಕಾಣದಿರಬಹುದು.

"ಐವತ್ತು ವರ್ಷದಿಂದ ಮಿಶ್ರಿ ಹಚ್ಚೋ ಅಜ್ಜಿಗೆ ಬಿಡು ಅಂತ ಹೆಂಗ ಹೇಳೂದ್ರಿ?" ಎಂದು ಒಬ್ಬ ತಂಗಿ ಕೇಳಿದಳು. ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ಬೈದರೆ ಅವರು ಮರೆಯಲ್ಲಿ ಹಚ್ಚುತ್ತಾರೆ. ಅಲ್ಲದೆ 2012ರಲ್ಲೇ ಮಹಾರಾಷ್ಟ್ರದಲ್ಲಿ ನಿಷೇಧವಾದ ಗುಟ್ಕಾ ನಮ್ಮಲ್ಲೇ ಕೆಲವರ ಕಿಸೆಯಲ್ಲಿದೆ! ತಪಸ್ಸುಕಾಲ ಬರುತ್ತಿದೆ, ಮೊದಲು ನಾವು ಬಿಡೋಣ. ಆಮೇಲೆ ಇಚಲಕರಂಜಿಗೋ ಕೊಲ್ಹಾಪುರಕ್ಕೋ ಅಜ್ಜಿಯನ್ನು ಕರೆದುಕೊಂಡು ಹೋಗಿ, ಹಲ್ಲಿನ ವೈದ್ಯರಿಗೆ ತೋರಿಸಿ, ಸಕ್ಕರೆಯನ್ನೂ ಪರೀಕ್ಷಿಸಿಸೋಣ.

ಚಿಂತನೆಗೆ:
1. ನಮ್ಮ ಮನೆಯಲ್ಲಿ ಯಾರ ಒಸಡಿನಿಂದ ರಕ್ತ ಬರುತ್ತದೆ? ಕೇಳಿದ್ದೇವೆಯೇ?
2. ಸಕ್ಕರೆ ಕಾಯಿಲೆ ಇರುವವರು ಬಾಯಿಯನ್ನು ಕೊನೆಗೆ ತೋರಿಸಿದ್ದು ಯಾವಾಗ?
3. ಈ ತಪಸ್ಸುಕಾಲದಲ್ಲಿ ನಾವು ಬಿಡುವುದು ಏನು?